ವಿಂಡೋಸ್‌ನಲ್ಲಿ ಅರ್ಧಕ್ಕೇ ಮುಗಿಯುವ ಫೈಲು

ಪ್ರಶ್ನೆ: ನಮ್ಮ ಸಿ ಪ್ರೋಗ್ರಾಮಿನ ಟೆಸ್ಟುಗಳು ಲಿನಕ್ಸ್‌ನಲ್ಲಿ ಪಾಸಾಗುತ್ತವೆ, ವಿಂಡೋಸ್‌ನಲ್ಲಿ ಒಂದು ಡೇಟಾ ಫೈಲನ್ನು ಅರ್ಧಕ್ಕೇ ಓದಿ ನಿಲ್ಲುತ್ತವೆ. ಆಂಟಿವೈರಸ್ ಕಾರಣವೆಂದು ಸಹೋದ್ಯೋಗಿ ಹೇಳುತ್ತಾರೆ. ಆ ಟೆಸ್ಟನ್ನು ವಿಂಡೋಸ್‌ನಲ್ಲಿ ಕೈಬಿಡಬಹುದೇ?

ಉತ್ತರ: ಕೈಬಿಡಬಾರದು. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಪಾಪ ಆಂಟಿವೈರಸ್ಸಿನ ತಲೆಗೇ ಕಟ್ಟಲಾಗುತ್ತದೆ. ನೀವು ಫೈಲನ್ನು ಟೆಕ್ಸ್ಟ್ ಮೋಡ್‌ನಲ್ಲಿ (ಬೈಟುಗಳನ್ನು ಇದ್ದಂತೆಯೇ ಕೊಡುವ ಬೈನರಿ ಮೋಡ್ ಬಿಟ್ಟು, ಪಠ್ಯವೆಂದು ಓದುವ ಬಗೆಯಲ್ಲಿ) ತೆರೆದಿರಬೇಕು, ಅದರೊಳಗೆ 26 ಎಂಬ ಬೈಟ್ ಇರಬೇಕು. ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ವ್ಯವಸ್ಥೆಯು ಫೈಲಿನ ಉದ್ದವನ್ನು 128 ಬೈಟುಗಳ ರೆಕಾರ್ಡುಗಳಲ್ಲಿ ಎಣಿಸುತ್ತಿದ್ದುದರಿಂದ, ಪಠ್ಯ ನಿಜವಾಗಿ ಎಲ್ಲಿ ಮುಗಿಯಿತೆಂದು ತಿಳಿಸಲು ಕಂಟ್ರೋಲ್-ಝಡ್, ಅಂದರೆ 26, ಬರೆಯುವ ರೂಢಿಯಿತ್ತು. ಆ ರೂಢಿ ವಿಂಡೋಸ್‌ಗೂ ಮುಂಚಿನ ಡಾಸ್‌ಗೆ ಬಂದು, ಮೈಕ್ರೋಸಾಫ್ಟ್‌ನ ಸಿ ಲೈಬ್ರರಿಯಲ್ಲಿ ಇಂದಿಗೂ ಉಳಿದಿದೆ. (ಪಿಎನ್‌ಜಿ ಚಿತ್ರಗಳ ಏಳನೆಯ ಬೈಟ್ 26 ಆಗಿರುವುದೂ ಬೇಕೆಂದೇ: ಡಾಸ್‌ನಲ್ಲಿ ಯಾರಾದರೂ ಚಿತ್ರವನ್ನು ಪಠ್ಯವೆಂದು ಪರದೆಗೆ ಸುರಿದರೆ ಅದು ಅಲ್ಲಿಗೇ ನಿಲ್ಲಲಿ ಎಂದು.)

ಟೆಸ್ಟಿನೊಳಗೇ 65, 66, 26, 67 ಎಂಬ ನಾಲ್ಕು ಬೈಟುಗಳ ಫೈಲನ್ನು ಬೈನರಿ ಮೋಡ್‌ನಲ್ಲಿ ಬರೆಯಿರಿ. ‘ಆರ್’ (ಟೆಕ್ಸ್ಟ್ ಮೋಡ್) ಎಂದು ತೆರೆದರೆ ಲಿನಕ್ಸ್‌ನಲ್ಲಿ ನಾಲ್ಕು ಬೈಟುಗಳು ಸಿಗುತ್ತವೆ, ವಿಂಡೋಸ್‌ನಲ್ಲಿ ಎರಡೇ; ‘ಆರ್‌ಬಿ’ (ಬೈನರಿ ಮೋಡ್) ಎಂದು ತೆರೆದರೆ ಎರಡರಲ್ಲೂ ನಾಲ್ಕು. ವಿಂಡೋಸ್‌ಗೆ ಎರಡೆಂದೂ ಲಿನಕ್ಸ್‌ಗೆ ನಾಲ್ಕೆಂದೂ ನಿರೀಕ್ಷಿತ ಉತ್ತರವನ್ನು ಬೇರೆ ಬೇರೆಯಾಗಿ ಬರೆದಿಡುವ ಜಾಣರಿದ್ದಾರೆ. ಅವರು ದೋಷಕ್ಕೇ ಟೆಸ್ಟ್ ಬರೆದಂತಾಯಿತು. ಅದೇ ಫೈಲಿಗೆ 255 ಎಂಬ ಬೈಟನ್ನೂ ಸೇರಿಸಿ: ಓದಿದ ಫಲವನ್ನು ಇಂಟ್ ಬದಲು ಒಂದೇ ಬೈಟಿನ ಕ್ಯಾರ್‌ನಲ್ಲಿ ಇಟ್ಟುಕೊಂಡಿದ್ದರೆ, ಎಕ್ಸ್86 ಯಂತ್ರದಲ್ಲಿ ಆ ಬೈಟೇ ಇಒಎಫ್‌ನಂತೆ (ಫೈಲು ಮುಗಿದಾಗ ಸಿಗುವ -1ರಂತೆ) ಕಂಡು ಓದು ನಿಲ್ಲುತ್ತದೆ, ಕ್ಯಾರ್‌ಗೆ ಋಣ ಬೆಲೆಯೇ ಇಲ್ಲದ ಆರ್ಮ್ ಲಿನಕ್ಸ್‌ನಲ್ಲಿ ಇಒಎಫ್ ಎಂದೂ ತಾಳೆಯಾಗದೆ ಲೂಪ್ ಮುಗಿಯುವುದೇ ಇಲ್ಲ.

ಪ್ರಶ್ನೆ: ಫೈಲು ಮುಗಿಯಿತೇ ಎಂದು ಕೇಳುವ ‘ಎಫ್ಇಒಎಫ್’ ಕರೆಯನ್ನು ಲೂಪಿನ ಷರತ್ತಾಗಿಸಿದರೆ ಕೊನೆಯ ಸಾಲು ಎರಡು ಬಾರಿ ಬರುತ್ತದೆ, ಏಕೆ?

ಉತ್ತರ: ಓದು ವಿಫಲವಾದ ಮೇಲೆ ಕೇಳಬೇಕಾದುದನ್ನು ಓದುವ ಮೊದಲೇ ಕೇಳುತ್ತಿದ್ದೀರಿ.

ಪ್ರಶ್ನೆ: ಟೆಸ್ಟ್ ಸ್ಕ್ರಿಪ್ಟ್ ಪೈಪಿಗೆ (ಒಂದು ಪ್ರೋಗ್ರಾಂ ಬರೆದುದನ್ನು ಇನ್ನೊಂದಕ್ಕೆ ತಲುಪಿಸುವ ದಾರಿಗೆ) ಇನ್‌ಪುಟ್ ಮುಗಿಯಿತೆಂದು ತಿಳಿಸುವ ಕಂಟ್ರೋಲ್-ಡಿ ಕಳಿಸಿದರೂ ಪ್ರೋಗ್ರಾಂ ಕಾಯುತ್ತಲೇ ಇರುತ್ತದೆ. ಏನು ಮಾಡಬೇಕು?

ಉತ್ತರ: ಕಂಟ್ರೋಲ್-ಡಿಗೆ ಅರ್ಥ ಕೊಡುವುದು ಟರ್ಮಿನಲ್; ಪೈಪಿಗೆ ಅದು 4 ಎಂಬ ಬರಿಯ ಬೈಟ್. ಪೈಪಿನ ಬರೆಯುವ ತುದಿಯನ್ನು ಮುಚ್ಚಿ. ಅದರ ಇನ್ನೊಂದು ಪ್ರತಿಯನ್ನು ಬೇರಾವುದೋ ಪ್ರಾಸೆಸ್ ತೆರೆದಿಟ್ಟುಕೊಂಡಿದ್ದರೆ ಅದೂ ಮುಚ್ಚುವವರೆಗೆ ಓದುವವನಿಗೆ ಕೊನೆ ತಿಳಿಯದು.