ಕನ್ನಡ ಮಕ್ಕಳಿಗೆ ಕಾಮಿಶಿಬಾಯಿ: ಟಿವಿಯಲ್ಲಿ ತೋರಿಸಿದರೆ ಸಾಕಾ, ಮರದ ಚೌಕಟ್ಟು ಬೇಕಾ?

ಟೋಕಿಯೋದ ಕನ್ನಡ ಮನೆಗಳ ಮಕ್ಕಳಿಗೆ ಕಾಮಿಶಿಬಾಯಿ (ಚಿತ್ರದ ಹಾಳೆಗಳನ್ನು ಒಂದೊಂದಾಗಿ ತೋರಿಸುತ್ತಾ ಕಥೆ ಹೇಳುವ ಜಪಾನಿನ ಕಲೆ) ಕಥೆ ಹೇಳಬೇಕು, ಜಪಾನಿ ಅಷ್ಟಾಗಿ ಬರಲ್ಲ, ಲೈಬ್ರರಿಯ ಚಿತ್ರಗಳ ಫೋಟೋ ತೆಗೆದು ಟಿವಿಗೆ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ನಾನು ಅದನ್ನೇ ಮಾಡಿದ್ದೆ.

ಎಡೊಗಾವಾ ಕಡೆ ಒಂದು ಬಾಡಿಗೆ ಹಾಲ್. ರಾಜ್ಯೋತ್ಸವಕ್ಕೆ ಸೇರಿದ್ದ ಮನೆಗಳ ಮಕ್ಕಳೆಲ್ಲ ಚಾಪೆ ಮೇಲೆ ಕೂತಿದ್ದರು. ನಾನು ಆರಿಸಿದ್ದು ಮೊಮೊತಾರೋ ಕಥೆ. ಹೊಳೆಯಲ್ಲಿ ತೇಲಿ ಬಂದ ದೊಡ್ಡ ಪೀಚ್ ಹಣ್ಣನ್ನು ಅಜ್ಜಿ ಮನೆಗೆ ತರುತ್ತಾಳೆ. ಕೊಯ್ಯಲು ಹೋದರೆ ಒಳಗಿಂದ ಗಂಡು ಮಗು ಬರುತ್ತದೆ. ಮಾತನ್ನೆಲ್ಲ ಕನ್ನಡದಲ್ಲಿ ಬರೆದು ಬಾಯಿಪಾಠ ಮಾಡಿದ್ದೆ. ಹಣ್ಣು ಕೊಯ್ಯುವ ಹೊತ್ತಿಗೆ ಬಟನ್ ಒತ್ತಿದೆ. ಮಗು ಕಾಣಿಸಿತು. ಮಕ್ಕಳು ನೋಡಿದರು, ಅಷ್ಟೇ. ಇನ್ನೆರಡು ಚಿತ್ರ ಮುಗಿಯುವಷ್ಟರಲ್ಲಿ ಹಿಂದೆ ಕೂತವರು ಎದ್ದು ಆಡಲು ಹೋದರು. ಮುಂದಿನ ಸಲ ಕಾರ್ಯಕ್ರಮದಲ್ಲಿ ಕಥೆಗೆ ಜಾಗವೇ ಇರಲಿಲ್ಲ, ಕ್ವಿಜ್ ಇಟ್ಟಿದ್ದರು. ಆ ಜಾಗ ಮತ್ತೆ ಸಿಗಲು ವರ್ಷವೇ ಹಿಡಿಯಿತು.

ಎಲ್ಲಿ ತಪ್ಪಿತು ಅಂತ ಬಿಡಿಸಿ ಹೇಳುತ್ತೇನೆ. ಈ ಕಲೆಯ ಜೀವ ಇರುವುದೇ ಅಲ್ಲಿ.

ಕಾಮಿಶಿಬಾಯಿಯಲ್ಲಿ ಚಿತ್ರ ಬದಲಾಗುವುದಿಲ್ಲ, ಸರಿಯುತ್ತದೆ. ಬುತಾಯಿ ಅನ್ನುವ ಮರದ ಚೌಕಟ್ಟಿನಲ್ಲಿ ಹಾಳೆಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿರುತ್ತಾರೆ. ಎಲ್ಲಕ್ಕಿಂತ ಮುಂದೆ ಕಾಣುವ ಹಾಳೆಯನ್ನು ನೋಡುವವರ ಎಡಕ್ಕೆ ಎಳೆಯಬೇಕು. ಎಳೆದಂತೆ ಹೊಸ ಚಿತ್ರ ಬಲಗಡೆಯಿಂದ ಸ್ವಲ್ಪ ಸ್ವಲ್ಪವಾಗಿ ತೆರೆದುಕೊಳ್ಳುತ್ತದೆ. ನಾನು ತಂದಿದ್ದ ಸೆಟ್‌ನಲ್ಲಿ ಹಣ್ಣು ಕೊಯ್ಯುವ ಹಾಳೆಯ ಬಲಭಾಗದಲ್ಲಿ ಹಣ್ಣು, ಚಾಕು ಇದ್ದವು. ಮುಂದಿನ ಹಾಳೆಯ ಬಲಭಾಗದಲ್ಲಿ ಬೆಚ್ಚಿಬಿದ್ದ ಅಜ್ಜ ಅಜ್ಜಿ, ಎಡಭಾಗದಲ್ಲಿ ಮಗು. ಹಾಳೆಯ ಹಿಂಬದಿಯಲ್ಲಿ, ಕಥೆಯ ಮಾತಿನ ಜೊತೆ, 'ಅರ್ಧ ಎಳೆದು ನಿಲ್ಲಿಸಿ' ಅಂತ ಸೂಚನೆಯೂ ಇತ್ತು. ಹಾಗೆ ನಿಲ್ಲಿಸಿದರೆ ಎಡಕ್ಕೆ ಹಣ್ಣು, ಬಲಕ್ಕೆ ಬೆಚ್ಚಿದ ಮುಖಗಳು. ಎರಡು ಅರ್ಧ ಸೇರಿ ಯಾವ ಹಾಳೆಯಲ್ಲೂ ಇಲ್ಲದ ಮೂರನೇ ಚಿತ್ರ ಹುಟ್ಟುತ್ತದೆ. ಮಗು ಇನ್ನೂ ಕಂಡಿಲ್ಲ. ಯಾಕೆ ಬೆಚ್ಚಿದರು? ಒಳಗೆ ಏನಿದೆ? ಮಕ್ಕಳು ಕೂಗುವುದು ಆಗ. ಆಮೇಲೆ ಸರ್ರನೆ ಎಳೆಯಬೇಕು. ನಾನು ಆ ಸೂಚನೆಯನ್ನು ಅನುವಾದ ಮಾಡುವಾಗ ಬಿಟ್ಟುಬಿಟ್ಟಿದ್ದೆ. ಕಥೆಯ ಮಾತಷ್ಟೇ ಮುಖ್ಯ ಅಂದುಕೊಂಡಿದ್ದೆ.

ಬೀದಿಯಲ್ಲಿ ಬೆಳೆದ ಕಲೆ ಇದು. 1930ರ ಸುಮಾರಿಗೆ ಟೋಕಿಯೋದಲ್ಲಿ ಕಥೆಗಾರರು ಸೈಕಲ್ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದರು. ಹ್ಯೋಶಿಗಿ ಅನ್ನುವ ಎರಡು ಮರದ ತುಂಡು ತಟ್ಟಿ ಮಕ್ಕಳನ್ನು ಕರೆಯುತ್ತಿದ್ದರು. ಹೊಟ್ಟೆಪಾಡು ಮಿಠಾಯಿ ಮಾರಾಟದಿಂದ. ಕೊಂಡವರಿಗೆ ಮುಂದೆ ಜಾಗ. ಓಗೋನ್ ಬ್ಯಾಟ್ ಅನ್ನುವ ಬಂಗಾರದ ತಲೆಬುರುಡೆಯ ವೀರನ ಕಥೆಯನ್ನು ಕುತೂಹಲದ ಜಾಗದಲ್ಲಿ ನಿಲ್ಲಿಸಿ, ಉಳಿದದ್ದು ನಾಳೆ ಅನ್ನುತ್ತಿದ್ದರು. ಎಲ್ಲಿ ತಡೆಯಬೇಕು ಅಂತ ಗೊತ್ತಿಲ್ಲದವರಿಗೆ ಅಲ್ಲಿ ಅನ್ನ ಇರಲಿಲ್ಲ. 1953ರಲ್ಲಿ ಟಿವಿ ಪ್ರಸಾರ ಶುರುವಾಯಿತು, ಬರಬರುತ್ತಾ ಬೀದಿಯ ಆಟ ಹೆಚ್ಚುಕಮ್ಮಿ ನಿಂತೇಹೋಯಿತು. ಶಿಶುವಿಹಾರ, ಲೈಬ್ರರಿಗಳಲ್ಲಿ ಉಳಿದುಕೊಂಡಿತು. ಅದನ್ನು ಈಗ ಮತ್ತೆ ಟಿವಿಯೊಳಗೇ ತುಂಬಬೇಡಿ ಅಂತ ನನ್ನ ಕೋರಿಕೆ.

ಟಿವಿಯಿಂದ ಇನ್ನೊಂದು ನಷ್ಟ ಇದೆ. ಕಥೆ ಹೇಳುವವರನ್ನು ಯಾರೂ ನೋಡುವುದಿಲ್ಲ. ಪೆಟ್ಟಿಗೆಯ ಹಿಂದೆ ಅಡಗದೆ ಪಕ್ಕದಲ್ಲಿ ನಿಂತರೆ ಮಕ್ಕಳು ಚಿತ್ರವನ್ನೂ ನೋಡುತ್ತಾರೆ, ನಿಮ್ಮ ಮುಖವನ್ನೂ ನೋಡುತ್ತಾರೆ. ನಿಮಗೂ ಅವರ ಮುಖ ಕಾಣುತ್ತದೆ. ಎಷ್ಟು ಹೊತ್ತು ಸುಮ್ನೆ ನಿಲ್ಲಬೇಕು ಅನ್ನುವುದು ಆ ಮುಖಗಳಿಂದಲೇ ತಿಳಿಯುವುದು, ಅಲ್ವಾ?

ಜಪಾನಿ ಬರಲ್ಲ ಅನ್ನುವ ಚಿಂತೆ ಬಿಟ್ಟುಬಿಡಿ. ನಿಮ್ಮ ಮಕ್ಕಳು ಶಾಲೆಯಲ್ಲಿ ದಿನವಿಡೀ ಜಪಾನಿ ಕೇಳುತ್ತಾರೆ. ಮನೆಯ ಕನ್ನಡದಲ್ಲೇ ಹೇಳಿ. ನಿಮ್ಮ ಊರಿನ ಕನ್ನಡ ಆದರೆ ಇನ್ನೂ ಒಳ್ಳೆಯದು. ಪುಸ್ತಕದ ಭಾಷೆಯಲ್ಲಿ ಅಜ್ಜಿಯನ್ನು ಮಾತಾಡಿಸಬೇಡಿ. ಹಿಂಬದಿಯ ಬರಹದಲ್ಲಿ ಮಾತಿಗಿಂತ ಮೊದಲು 'ನಿಧಾನ', 'ಅರ್ಧ', 'ಬೇಗ' ಅನ್ನುವ ಸೂಚನೆಗಳನ್ನು ಗೊತ್ತಿದ್ದವರಿಂದ ಓದಿಸಿ ಬರೆದುಕೊಳ್ಳಿ.

ಚೌಕಟ್ಟು ಕೊಳ್ಳುವ ಅಗತ್ಯವೂ ಇಲ್ಲ. ಇಲ್ಲಿನ ಎಷ್ಟೋ ಲೈಬ್ರರಿಗಳು ಕಥೆಯ ಜೊತೆ ಬುತಾಯಿಯನ್ನೂ ಎರವಲು ಕೊಡುತ್ತವೆ, ಕೌಂಟರ್‌ನಲ್ಲಿ ಕೇಳಿ. ಸಿಗದಿದ್ದರೆ ದಪ್ಪ ರಟ್ಟಿನಲ್ಲಿ ಮಾಡಿಕೊಳ್ಳಿ. ಮಾಮೂಲಿ ಹಾಳೆ ಸುಮಾರು 26.5 ಸೆಂಟಿಮೀಟರ್ ಎತ್ತರ, 38 ಸೆಂಟಿಮೀಟರ್ ಅಗಲ ಇರುತ್ತದೆ. ಎಳೆಯುವ ಪಕ್ಕ ಪೂರ್ತಿ ತೆರೆದಿರಲಿ, ಅಡಿಯ ಅಂಚು ನುಣುಪಾಗಿರಲಿ. ಸಿಕ್ಕಿಕೊಂಡರೆ ನಿಮ್ಮ 'ಸರ್ರನೆ' ಹಾಳಾಗುತ್ತದೆ.

ಮನೆಯಿಂದ ಹೊರಡುವ ಮುಂಚೆ ಹಾಳೆಗಳ ನಂಬರ್ ನೋಡಿಕೊಳ್ಳಿ. ಎಳೆದ ಹಾಳೆ ಹಿಂದಕ್ಕೆ ಹೋಗುವುದರಿಂದ, ಒಂದು ಚಿತ್ರದ ಮಾತು ಅದರ ಹಿಂದಿನ ಸಂಖ್ಯೆಯ ಹಾಳೆಯ ಬೆನ್ನಲ್ಲಿರುತ್ತದೆ. ಮೊದಲನೇ ಚಿತ್ರದ ಮಾತು ಕೊನೆಯ ಹಾಳೆಯ ಬೆನ್ನಲ್ಲಿ. ಕನ್ನಡ ಚೀಟಿಗಳನ್ನೂ ಅದೇ ಲೆಕ್ಕದಲ್ಲಿ ಕ್ಲಿಪ್ ಹಾಕಿ ಸಿಕ್ಕಿಸಿ. ಲೈಬ್ರರಿ ಹಾಳೆಗೆ ಅಂಟು ಹಚ್ಚಬೇಡಿ.