ಯೂನಿವರ್ಸಿಟಿ ಇಮೇಲನ್ನು ಜಿಮೇಲ್‌ನಲ್ಲೇ ನೋಡಿಕೊಳ್ಳಬಹುದಾ?

ಯೂನಿವರ್ಸಿಟಿ ಕೊಟ್ಟ ಇಮೇಲ್‌ಗೆ ದಿನಾ ಬೇರೆಯಾಗಿ ಲಾಗಿನ್ ಆಗಿ ಸಾಕಾಗಿದೆ, ಅದನ್ನು ಸ್ವಂತ ಜಿಮೇಲ್‌ಗೆ ತಂದುಕೊಂಡು ಅಲ್ಲಿಂದಲೇ ಓದಿ ಉತ್ತರ ಕಳಿಸಬಹುದಾ ಅಂತ ಕೇಳಿದ್ದೀರಿ. ಓದುವುದಕ್ಕೆ ದೊಡ್ಡ ತೊಂದರೆ ಇಲ್ಲ. ಪೇಚಾಟ ಶುರುವಾಗುವುದು ಉತ್ತರ ಕಳಿಸುವಾಗ. ನಾನು ಅದನ್ನು ಕೆಟ್ಟು ಕಲಿತವನು.

ಮೊದಲು ಯೂನಿವರ್ಸಿಟಿ ಮೇಲ್ ಯಾರ ಸರ್ವರ್‌ನಲ್ಲಿ ಓಡುತ್ತಿದೆ ಅಂತ ತಿಳಿದುಕೊಳ್ಳಿ. ವಿಳಾಸದ ಕೊನೆಯಲ್ಲಿ ಯೂನಿವರ್ಸಿಟಿ ಹೆಸರಿದ್ದರೂ ಒಳಗೆ ಗೂಗಲ್ ಅಥವಾ ಮೈಕ್ರೋಸಾಫ್ಟ್ ಇರುವುದೇ ಜಾಸ್ತಿ. ಲಾಗಿನ್ ಆದ ಮೇಲೆ ಕಾಣುವ ಇನ್‌ಬಾಕ್ಸ್ ನೋಡಿದರೆ ಗೊತ್ತಾಗುತ್ತದೆ.

ಹಳೆಯ ಉತ್ತರಗಳಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ ಪಾಪ್ (ಬೇರೆ ಸರ್ವರಿನಿಂದ ಮೇಲ್ ಇಳಿಸಿಕೊಳ್ಳುವ ವಿಧಾನ) ಮೂಲಕ ಬೇರೆ ಅಕೌಂಟಿನ ಮೇಲ್ ಎಳೆದುಕೊಳ್ಳಿ ಅಂತ ಬರೆದಿರುತ್ತಾರೆ. ಅದನ್ನು ನಂಬಿಕೊಂಡು ಕೂರಬೇಡಿ. 2026ರಲ್ಲಿ ಆ ಸೌಲಭ್ಯ ನಿಲ್ಲಿಸುತ್ತೇವೆ ಅಂತ ಗೂಗಲ್ಲೇ ಹೇಳಿದೆ. ಉಳಿದದ್ದು ಫಾರ್ವರ್ಡಿಂಗ್, ಅಂದರೆ ಬಂದ ಮೇಲನ್ನು ತಾನಾಗಿ ಇನ್ನೊಂದು ವಿಳಾಸಕ್ಕೆ ಕಳಿಸುವ ಏರ್ಪಾಡು. ಇದನ್ನು ಯೂನಿವರ್ಸಿಟಿ ಅಕೌಂಟಿನ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು, ನಿಮ್ಮ ಜಿಮೇಲ್‌ನಲ್ಲಲ್ಲ. ಆನ್ ಮಾಡುವಾಗ 'ಒಂದು ಕಾಪಿ ಇಲ್ಲೇ ಇರಲಿ' ಅನ್ನುವ ಆಯ್ಕೆಯನ್ನು ಮರೆಯದೆ ಇಟ್ಟುಕೊಳ್ಳಿ, ಯಾಕೆಂದರೆ ದಾರಿಯಲ್ಲಿ ಏನಾದರೂ ಕಳೆದುಹೋದರೆ ಅಸಲು ಅಲ್ಲಿರುತ್ತದೆ. ಮೈಕ್ರೋಸಾಫ್ಟ್ 365ರಲ್ಲಿ ಹೊರಗಿನ ವಿಳಾಸಕ್ಕೆ ತಾನಾಗಿ ಫಾರ್ವರ್ಡ್ ಆಗುವುದು ಮೊದಲಿಂದಲೇ ಬಂದ್ ಆಗಿರುತ್ತದೆ, ಯೂನಿವರ್ಸಿಟಿಯ ಅಡ್ಮಿನ್ (ಮೇಲ್ ವ್ಯವಸ್ಥೆ ನೋಡಿಕೊಳ್ಳುವವರು) ತೆರೆದುಕೊಟ್ಟರೆ ಮಾತ್ರ ಉಂಟು. ಸೆಟ್ಟಿಂಗ್ ಸೇವ್ ಆಯಿತು ಅಂತ ಖುಷಿಪಡುವ ಮೊದಲು ಇನ್ನೊಬ್ಬರಿಂದ ಒಂದು ಮೇಲ್ ಹಾಕಿಸಿ ನೋಡಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಅಲ್ಲಿ ಸ್ಪ್ಯಾಮ್ ಫೋಲ್ಡರಿಗೆ ಬಿದ್ದ ಮೇಲ್ ಸಾಮಾನ್ಯವಾಗಿ ಫಾರ್ವರ್ಡ್ ಆಗಿ ಬರುವುದಿಲ್ಲ. ಬಂದದ್ದರಲ್ಲೂ ಕೆಲವು ನಿಮ್ಮ ಜಿಮೇಲ್‌ನ ಸ್ಪ್ಯಾಮ್‌ಗೆ ಹೋಗುತ್ತವೆ. ಕಳಿಸಿದವರ ಹೆಸರು ಒಂದು, ತಂದುಕೊಟ್ಟ ಸರ್ವರ್ ಇನ್ನೊಂದು ಆದಾಗ ಜಿಮೇಲ್‌ಗೆ ಅನುಮಾನ ಬರುತ್ತದೆ, ಪಾಪ ಅದರದ್ದೂ ತಪ್ಪಲ್ಲ. ಹಾಗಾಗಿ ಯೂನಿವರ್ಸಿಟಿ ವಿಳಾಸಕ್ಕೆ ಬಂದದ್ದಕ್ಕೆಲ್ಲ ಒಂದು ಫಿಲ್ಟರ್ ಮಾಡಿ, 'ಸ್ಪ್ಯಾಮ್‌ಗೆ ಹಾಕಬೇಡ' ಅಂತ ಟಿಕ್ ಮಾಡಿ, ಒಂದು ಲೇಬಲ್ಲನ್ನೂ ಅಂಟಿಸಿ.

ಈಗ ನನ್ನ ಕಥೆ. ಫಾರ್ವರ್ಡಿಂಗ್ ಚೆನ್ನಾಗಿ ನಡೆಯುತ್ತಿತ್ತು. ಒಂದು ರಾತ್ರಿ ನನ್ನ ಪ್ರಬಂಧದ ಗೈಡ್ ಅವರಿಂದ ಮೇಲ್ ಬಂತು, ತಿದ್ದಿದ ಅಧ್ಯಾಯ ಕಳಿಸಿ ಅಂತ. ಫೋನ್‌ನಲ್ಲೇ ರಿಪ್ಲೈ ಒತ್ತಿ ಫೈಲ್ ಸೇರಿಸಿ ಕಳಿಸಿಬಿಟ್ಟೆ. ಅದು ಹೋದದ್ದು ನನ್ನ ಹೈಸ್ಕೂಲ್ ಕಾಲದ ಜಿಮೇಲ್ ವಿಳಾಸದಿಂದ, ಅಡ್ಡಹೆಸರಿನ ಪಕ್ಕ ನಾಲ್ಕು ಸೊನ್ನೆ ಇರುವಂಥದ್ದು. ಅವರ ಕಡೆ ಅದು ಸೀದಾ ಜಂಕ್‌ಗೆ ಹೋಯಿತು. ಐದನೇ ದಿನ ಕಾರಿಡಾರಿನಲ್ಲಿ ಸಿಕ್ಕಾಗ 'ಏನಪ್ಪಾ, ಅಧ್ಯಾಯ ಬರಲೇ ಇಲ್ಲವಲ್ಲ' ಅಂದರು. ಕಳಿಸಿದ್ದೇನೆ ಸರ್ ಅಂತ ಫೋನ್ ತೆಗೆದು ತೋರಿಸಲು ಹೋದೆ, ಸ್ಕ್ರೀನ್ ಮೇಲೆ ಆ ಅಡ್ಡಹೆಸರು ಕಂಡು ಫೋನನ್ನು ಹಾಗೇ ಜೇಬಿಗೆ ಹಾಕಿಕೊಂಡೆ.

ಇದಕ್ಕೆ ಮದ್ದು ಜಿಮೇಲ್‌ನ 'ಸೆಂಡ್ ಮೇಲ್ ಆ್ಯಸ್', ಅಂದರೆ ಜಿಮೇಲ್ ಒಳಗಿಂದಲೇ ಬೇರೆ ವಿಳಾಸದ ಹೆಸರಲ್ಲಿ ಕಳಿಸುವ ಸೌಲಭ್ಯ. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆಗೆದು ಅಕೌಂಟ್ಸ್ ಟ್ಯಾಬ್‌ಗೆ ಹೋಗಿ ಯೂನಿವರ್ಸಿಟಿ ವಿಳಾಸ ಸೇರಿಸಿದರೆ, ಅದು ಯೂನಿವರ್ಸಿಟಿಯ ಮೇಲ್ ಹೊರಗೆ ಕಳಿಸುವ ಎಸ್‌ಎಂಟಿಪಿ ಸರ್ವರ್ ಹೆಸರು, ಪೋರ್ಟ್, ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಪೋರ್ಟ್ (ಆ ಸರ್ವರಿನ ಬಾಗಿಲ ಸಂಖ್ಯೆ) ಸಾಮಾನ್ಯವಾಗಿ 587. ಆಮೇಲೆ ಯೂನಿವರ್ಸಿಟಿ ಇನ್‌ಬಾಕ್ಸಿಗೆ ಒಂದು ಕೋಡ್ ಬರುತ್ತದೆ, ಅದನ್ನು ಹಾಕಿದರೆ ಮುಗಿಯಿತು. ಅದೇ ಪುಟದಲ್ಲಿ 'ಮೇಲ್ ಯಾವ ವಿಳಾಸಕ್ಕೆ ಬಂತೋ ಅದರಿಂದಲೇ ಉತ್ತರ ಹೋಗಲಿ' ಅನ್ನುವ ಆಯ್ಕೆ ಇದೆ, ಅದನ್ನು ಹಾಕಿಬಿಡಿ. ನನ್ನ ಮಾನ ಹೋದದ್ದು ಆ ಒಂದು ಗುಂಡಿ ಒತ್ತದೇ ಇದ್ದದ್ದಕ್ಕೆ.

ಆದರೆ ಎಲ್ಲ ಕಡೆ ಇದು ಆಗುವುದಿಲ್ಲ. ಎರಡು ಹಂತದ ಲಾಗಿನ್ ಇದ್ದರೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಗೂಗಲ್ ಆದರೆ ಅದೇ ಬೇರೆಯಾಗಿ ಮಾಡಿಕೊಡುವ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಬೇಕು, ಅದಕ್ಕೂ ಅಡ್ಮಿನ್ ಬಿಡಬೇಕು. ಮೈಕ್ರೋಸಾಫ್ಟ್ ಆದರೆ ಎಸ್‌ಎಂಟಿಪಿ ಬಾಗಿಲನ್ನೇ ಮುಚ್ಚಿರುವುದು ಜಾಸ್ತಿ. ಪಾಸ್‌ವರ್ಡ್ ತಪ್ಪು ಅಂತ ಬಂದಾಗ ಸುಮ್ನೆ ಹತ್ತು ಸಲ ಒತ್ತಿ ಅಕೌಂಟ್ ಲಾಕ್ ಮಾಡಿಕೊಳ್ಳಬೇಡಿ. ಹೊರಗಿನ ಸೇವೆಗೆ ಪಾಸ್‌ವರ್ಡ್ ಕೊಡಲು ನಿಯಮ ಬಿಡುತ್ತದಾ ಅಂತ ಐಟಿ ವಿಭಾಗದವರನ್ನು ಮೊದಲೇ ಕೇಳುವುದು ವಾಸಿ.

ಸತ್ಯ ಹೇಳಬೇಕೆಂದರೆ ನಾನೀಗ ಇದೆಲ್ಲ ಬಿಟ್ಟಿದ್ದೇನೆ. ಫೋನಿನ ಜಿಮೇಲ್ ಆ್ಯಪ್‌ಗೆ ಯೂನಿವರ್ಸಿಟಿ ಅಕೌಂಟನ್ನು ಎರಡನೆಯದಾಗಿ ಸೇರಿಸಿಕೊಂಡೆ, ಆ್ಯಪ್ ಮೈಕ್ರೋಸಾಫ್ಟ್ ಅಕೌಂಟನ್ನೂ ತೆಗೆದುಕೊಳ್ಳುತ್ತದೆ. ಮೂಲೆಯ ಫೋಟೋ ಮೇಲೆ ಬೆರಳಾಡಿಸಿದರೆ ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಎರಡೂ ಬೆರೆಯುವುದಿಲ್ಲ, ನನ್ನ 15 ಜಿಬಿ ಜಾಗವೂ ತುಂಬುವುದಿಲ್ಲ. ಕಂಪ್ಯೂಟರಿನಲ್ಲಿ ಬ್ರೌಸರ್‌ನ ಇನ್ನೊಂದು ಪ್ರೊಫೈಲ್ ಸಾಕು.

ಯಾವ ದಾರಿ ಹಿಡಿದರೂ ಕೋರ್ಸ್ ಮುಗಿದ ಮೇಲೆ ಆ ಅಕೌಂಟ್ ಇರುತ್ತದಾ ಅಂತ ಈಗಲೇ ವಿಚಾರಿಸಿ. ಅದೇ ವಿಳಾಸ ಕೊಟ್ಟು ಬೇರೆ ಸೈಟ್‌ಗಳಲ್ಲಿ ಲಾಗಿನ್ ಮಾಡಿಕೊಂಡಿದ್ದರೆ, ಅಕೌಂಟ್ ಜೀವಂತ ಇರುವಾಗಲೇ ಬದಲಿಸಿಕೊಳ್ಳಿ. ಆಮೇಲೆ ಪಾಸ್‌ವರ್ಡ್ ರೀಸೆಟ್ ಲಿಂಕ್ ಕೂಡ ಅಲ್ಲಿಗೇ ಹೋಗುತ್ತದೆ, ಅಲ್ವಾ?