ಸ್ಪ್ಯಾನಿಷ್ ಪದ ಗೊತ್ತು, ವಾಕ್ಯ ಬರುತ್ತಿಲ್ಲ: ಏನು ಮಾಡಲಿ?

ಪ್ರಶ್ನೆ: ಕೆಲವು ತಿಂಗಳಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಮನೆ, ಊಟ, ಬಣ್ಣ, ವಾರ ಎಂದು ನೂರಾರು ಪದ ಬಾಯಿಪಾಠವಾಗಿವೆ. ಮಾತಾಡಲು ಹೋದರೆ ಮಾತ್ರ ಕ್ರಿಯಾಪದದ ರೂಪ ನೆನಪಾಗುವುದಿಲ್ಲ. ‘ಸೆರ್’, ‘ಎಸ್ತಾರ್’ ಎರಡಕ್ಕೂ ‘ಇರು’ ಎಂದೇ ಅರ್ಥ. ಯಾವಾಗ ಯಾವುದು?

ಉತ್ತರ: ಪದಗಳನ್ನು ಕಲಿಯುವುದು ಸ್ವಲ್ಪ ನಿಲ್ಲಿಸಿ. ಈಗ ಕ್ರಿಯಾಪದದ ಸರದಿ. ಕನ್ನಡ ಬಲ್ಲವರಿಗೆ ಇದು ಅಷ್ಟೇನೂ ಹೊಸದಲ್ಲ. ‘ಮಾತಾಡುತ್ತೇನೆ’ ಅಂದರೆ ಸಾಕು, ‘ನಾನು’ ಬೇಕಿಲ್ಲ, ಅಲ್ವಾ? ಅಲ್ಲೂ ಹಾಗೇ. ‘ಆಬ್ಲಾರ್’ ಅಂದರೆ ಮಾತಾಡುವುದು. ಆಬ್ಲೊ, ಮಾತಾಡುತ್ತೇನೆ. ಆಬ್ಲಾಸ್, ಮಾತಾಡುತ್ತೀಯ. ಆಬ್ಲಾಮೊಸ್, ಮಾತಾಡುತ್ತೇವೆ. ಗೌರವದ ‘ನೀವು’ ಅನ್ನಲು ‘ಉಸ್ತೆದ್’ ಇದೆ. ಆದರೆ ಅದರ ಜೊತೆ ಅವನು, ಅವಳಿಗೆ ಬಳಸುವ ರೂಪವೇ ಬರುತ್ತದೆ: ಉಸ್ತೆದ್ ಆಬ್ಲಾ.

ಎಲ್ಲ ಕಾಲಗಳ ಪಟ್ಟಿ ಈಗಲೇ ಬೇಡ. ಸುಮ್ನೆ ತಲೆಬಿಸಿ. ಮೊದಲು ನಾಲ್ಕು ತುಣುಕು ಬಾಯಿಗೆ ಬರಲಿ: ಕಿಯೆರೊ, ಪ್ವೆದೊ, ತೆಂಗೊ ಕೆ, ಬೊಯ್ ಆ. ಇವುಗಳ ಪಕ್ಕ ಕ್ರಿಯಾಪದದ ಮೂಲ ರೂಪವನ್ನು ಹಾಗೇ ಇಟ್ಟರೆ ವಾಕ್ಯವಾಗುತ್ತದೆ. ಊಟ ಮಾಡುವುದು ‘ಕೊಮೆರ್’. ಕಿಯೆರೊ ಕೊಮೆರ್, ನನಗೆ ಊಟ ಮಾಡಬೇಕು ಅನಿಸಿದೆ. ಪ್ವೆದೊ ಕೊಮೆರ್, ಊಟ ಮಾಡಬಲ್ಲೆ. ತೆಂಗೊ ಕೆ ಕೊಮೆರ್, ಊಟ ಮಾಡಲೇಬೇಕು. ಬೊಯ್ ಆ ಕೊಮೆರ್, ಇನ್ನು ಊಟ ಮಾಡುತ್ತೇನೆ. ಹೊಸ ಪದ ಸಿಕ್ಕಾಗಲೂ ಒಂಟಿಯಾಗಿ ಬರೆದಿಡಬೇಡಿ. ನೀರಿಗೆ ‘ಆಗ್ವಾ’ ಎಂದಷ್ಟೇ ಅಲ್ಲ, ‘ಕಿಯೆರೊ ಆಗ್ವಾ’ ಎಂದು ಬರೆಯಿರಿ.

ಇನ್ನು ಸೆರ್, ಎಸ್ತಾರ್. ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್ ಎಂದು ಹಲವರು ಕಲಿಸುತ್ತಾರೆ. ಈ ಸೂತ್ರ ಬೇಗ ಕೈಕೊಡುತ್ತದೆ. ಮ್ಯಾಡ್ರಿಡ್ ಸ್ಪೇನ್‌ನಲ್ಲಿದೆ ಎನ್ನಲು ಎಸ್ತಾರ್ ಬೇಕು, ಊರೇನೂ ಜಾಗ ಬಿಟ್ಟು ಹೋಗುವುದಿಲ್ಲ. ಸತ್ತಿದ್ದಾನೆ ಎನ್ನಲೂ ಎಸ್ತಾರೇ. ಹೀಗೆ ಕೇಳಿಕೊಳ್ಳಿ: ಯಾರು, ಏನು, ಎಂಥವರು, ಯಾವ ಊರಿನವರು ಎಂದಾದರೆ ಸೆರ್. ವ್ಯಕ್ತಿ ಅಥವಾ ವಸ್ತು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದಾದರೆ ಎಸ್ತಾರ್. ಅವನು, ಅವಳಿಗೆ ಸೆರ್‌ನ ರೂಪ ‘ಎಸ್’, ಎಸ್ತಾರ್‌ನ ರೂಪ ‘ಎಸ್ತಾ’. ‘ಎಸ್ ಅಬುರ್ರೀದೊ’ ಅಂದರೆ ಅವನು ಬೋರು ಹೊಡೆಸುವವನು. ‘ಎಸ್ತಾ ಅಬುರ್ರೀದೊ’ ಅಂದರೆ ಅವನಿಗೇ ಬೋರಾಗಿದೆ. ಮಾತಾಡುವಾಗ ಜೋಪಾನ!

‘ಗುಸ್ತಾರ್’, ಅಂದರೆ ಇಷ್ಟವಾಗುವುದು, ಇಂಗ್ಲಿಷ್ ಮೂಲಕ ಕಲಿಯುವವರಿಗೆ ಜಾಸ್ತಿ ಕಾಡುತ್ತದೆ. ನಮಗೆ ಅದು ಸಲೀಸು. ‘ಮೆ ಗುಸ್ತಾ ಎಲ್ ಕಫೆ’, ನನಗೆ ಕಾಫಿ ಇಷ್ಟ. ‘ಮೆ’ ಅಂದರೆ ಇಲ್ಲಿ ‘ನನಗೆ’. ಇಷ್ಟವಾದದ್ದು ಒಂದಕ್ಕಿಂತ ಹೆಚ್ಚಿದ್ದರೆ ಗುಸ್ತಾನ್: ಮೆ ಗುಸ್ತಾನ್ ಲೊಸ್ ಲಿಬ್ರೊಸ್, ನನಗೆ ಪುಸ್ತಕಗಳು ಇಷ್ಟ. ಇದನ್ನು ಇಂಗ್ಲಿಷಿಗೆ ತಿರುಗಿಸದೆ ನೇರ ಕನ್ನಡದಿಂದಲೇ ಕಲಿಯಿರಿ.